ಚೈನ್‌ಮನ್ ಸಂಜೀವಯ್ಯನ ಜಲ್ಲಿ ದಾರಿ

ಗೊಟ್ಟಿಗೆರೆಯ ಸಂಜೀವಯ್ಯನ ಪ್ರಕಾರ ಬೆಂಗಳೂರಿನಲ್ಲಿ ಇರುವುದು ಎರಡೇ ಜಾತಿ: ನಕಾಶೆ ಓದಬಲ್ಲವರು ಮತ್ತು ಫೋನು ನೋಡಿಕೊಂಡು ಹೋಗಿ ಮೋರಿಗೆ ಬೀಳುವವರು. ಮೊದಲನೆಯ ಜಾತಿಯಲ್ಲಿ ಸದ್ಯ ಉಳಿದಿರುವುದು ತಾನೊಬ್ಬನೇ ಎಂದು ಅವನು ನಂಬಿದ್ದ. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ ಇತ್ತು, ಮನೆಯ ಯಜಮಾನನ ಬಾಯಲ್ಲಿ ಮಾತ್ರ ಶಾಂತಿ ಇರಲಿಲ್ಲ. "ಬುದ್ಧ ನಗ್ತಿರೋದು ನಿನ್ನ ನೋಡ್ಕೊಂಡೇ" ಎಂದು ಹೆಂಡತಿ ಸುಧಾಮಣಿ ಹೇಳುತ್ತಿದ್ದಳು.

ಭೂಮಿ ಅಳತೆ ಇಲಾಖೆಯಲ್ಲಿ ಮೂವತ್ತಾರು ವರ್ಷ ಚೈನ್‌ಮನ್ ಆಗಿದ್ದು ನಿವೃತ್ತನಾದವನು. ಸರ್ವೇಯರ್ ಎಂಬುವನು ಹೊಂಗೆ ಮರದ ನೆರಳಲ್ಲಿ ನಿಂತು ಕೈ ತೋರಿಸುತ್ತಾನೆ. ಚೈನ್‌ಮನ್ ಎಂಬುವನು ಕಬ್ಬಿಣದ ಸರಪಳಿಯ ತುದಿ ಹಿಡಿದು ಆ ಕೈ ತೋರಿಸಿದ ಕಡೆಗೆ ನೆಟ್ಟಗೆ ನಡೆಯುತ್ತಾನೆ. ನಡುವೆ ಕತ್ತಾಳೆ ಬೇಲಿ ಇರಲಿ, ಹುತ್ತ ಇರಲಿ, ಕುಡುಗೋಲು ಹಿಡಿದ ಜಮೀನುದಾರನ ಹೆಂಡತಿ ಇರಲಿ, ಗೆರೆ ಬಾಗುವ ಹಾಗಿಲ್ಲ. ಹೀಗೆ ನಡೆದು ನಡೆದು ಕನಕಪುರ, ಹಾರೋಹಳ್ಳಿ, ಸಾತನೂರು ಸೀಮೆಯ ಕಾಡುಮೇಡೆಲ್ಲ ಅವನ ಅಂಗಾಲಿಗೆ ಬಾಯಿಪಾಠವಾಗಿತ್ತು.

ಅಳತೆ ಮುಗಿದ ಮೇಲೆ ನಕಾಶೆಯ ಮೂಲೆಯಲ್ಲಿ ಸರ್ವೇಯರ್ ರುಜು ಹಾಕುತ್ತಾನೆ, ಮೇಲಿನವನು ಅದರ ಪಕ್ಕ ಹಾಕುತ್ತಾನೆ, ಅದರ ಮೇಲೊಂದು ಸೀಲು ಬೀಳುತ್ತದೆ. ಚೈನ್‌ಮನ್ ಹೆಸರು ಅಲ್ಲೆಲ್ಲೂ ಇರುವುದಿಲ್ಲ. ಅದು ಕಾಣಿಸಿಕೊಳ್ಳುವುದು ಒಂದೇ ಕಡೆ, ಅಳತೆ ತಪ್ಪಿದಾಗ ಬರುವ ನೋಟೀಸಿನಲ್ಲಿ. ಸಂಜೀವಯ್ಯ ಬಹುಕಾಲ ದುಡಿದದ್ದು ಚನ್ನಬಸವಯ್ಯ ಎಂಬ ಸರ್ವೇಯರ್ ಕೈಕೆಳಗೆ. ಈ ಮಹಾನುಭಾವ ಮಧ್ಯಾಹ್ನದ ಊಟವಾದ ಮೇಲೆ ಕಣ್ಣು ತೆರೆದೇ ನಿದ್ದೆ ಮಾಡುವ ವಿದ್ಯೆ ಕಲಿತಿದ್ದ. ನಿದ್ದೆಯಲ್ಲಿ ಬರೆದ ಅಂಕಿ ಮುಂದೆಂದೋ ತಂಟೆಗೆ ಬಂದರೆ "ಚೈನ್ ಸಡಿಲ ಹಿಡಿದಿದ್ದಾನೆ ಸಾರ್" ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ. ಸಂಜೀವಯ್ಯನಿಗೆ ಹಾಗೆ ಮೂರು ನೋಟೀಸು ಬಂದವು. ಮೂರಕ್ಕೂ ಅವನು ತಪ್ಪೊಪ್ಪಿಕೊಂಡು ಸಹಿ ಹಾಕಿದ. ಹಾಕದಿದ್ದರೆ ಕೆಲಸ ಹೋಗುತ್ತಿತ್ತು, ಮಗಳು ಆಗಿನ್ನೂ ಶಾಲೆಯಲ್ಲಿದ್ದಳು.

ಇಂಥವನ ಬದುಕಿಗೆ ಜಲ್ಲಿ ಸೈಕಲ್ಲಿನವರು ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಹಾಲು ತರಲು ಹೋದವನಿಗೆ ಗೊಟ್ಟಿಗೆರೆ ಕೆರೆಯ ಹಿಂದಿನ ಕವಲಿನಲ್ಲಿ ಹತ್ತು ಹದಿನೈದು ಜನ ಕಂಡರು. ಮೈಗೆ ಬಣ್ಣ ಬಳಿದಷ್ಟು ಬಿಗಿಯಾದ ಚಡ್ಡಿ, ತಲೆಯ ಮೇಲೆ ಕರಬೂಜದಂಥ ಟೊಪ್ಪಿ. ಎಲ್ಲರೂ ಫೋನಿಗೆ ತಲೆ ಬಾಗಿಸಿ ನಿಂತಿದ್ದರು. ಯಾರೋ ಸತ್ತಿರಬೇಕೆಂದು ಸಂಜೀವಯ್ಯ ಹತ್ತಿರ ಹೋದ. ಸತ್ತದ್ದು ನೆಟ್‌ವರ್ಕು.

"ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದ.

"ಟಾರ್ ಇಲ್ದಿರೋ ದಾರೀಲಿ ಕಗ್ಗಲೀಪುರಕ್ಕೆ ಅಂಕಲ್" ಎಂದ ಮುಂದಾಳು. ಅವನು ಜಯನಗರದ ಮಯೂರ್. ಮೂವತ್ತೈದರ ಆಸುಪಾಸು, ಒಳ್ಳೆಯ ಮನೆತನ, ಕೆಟ್ಟ ದಿಕ್ಕಿನ ಅರಿವು.

"ಬಲಕ್ಕೆ ತಿರುಗಿ. ಆಮೇಲೆ ಆ ನೀಲಗಿರಿ ತೋಪಿನ ಬಗಲಲ್ಲಿ ನಕಾಶೆ ಕಂಡ ದಾರಿ ಸಿಗುತ್ತೆ."

ನಕಾಶೆ ಕಂಡ ದಾರಿ ಎಂದರೆ ಹಳ್ಳಿಯ ಹಳೆಯ ನಕಾಶೆಯಲ್ಲಿ ಚುಕ್ಕೆ ಸಾಲಿನಲ್ಲಿ ತೋರಿಸಿರುವ ಬಂಡಿಜಾಡು. ಪಕ್ಕದ ಜಮೀನಿನವನು ಎಷ್ಟೇ ಮೀಸೆ ತಿರುವಲಿ, ಅದು ಸಾರ್ವಜನಿಕರದು. ಮಯೂರನಿಗೆ ಇದೊಂದು ತಿಳಿದದ್ದೇ ತಡ, ಮುಂದಿನ ವಾರ ಒಂದು ಕಿಲೋ ಮೈಸೂರುಪಾಕು ಹಿಡಿದು ಮನೆಗೇ ಬಂದ. ಟಾರು ರಸ್ತೆಗೆ ಬೇಜಾರಾದ ಜನ ಬೇಕೆಂದೇ ಜಲ್ಲಿ, ಕೆಮ್ಮಣ್ಣು, ಕೊರಕಲು ಹುಡುಕಿಕೊಂಡು ಹೋಗಿ ಸೈಕಲ್ ತುಳಿದು ಬೆವರಿ ಬರುತ್ತಾರಂತೆ. ಅದಕ್ಕೆ ಗ್ರಾವೆಲ್ ಸೈಕ್ಲಿಂಗ್ ಎನ್ನುತ್ತಾರಂತೆ. ಸೈಕಲ್ಲಿನ ಬೆಲೆಗೆ ಒಂದು ಸೆಕೆಂಡ್‌ಹ್ಯಾಂಡ್ ಕಾರು ಬರುತ್ತದಂತೆ.

ಸುಧಾಮಣಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದಳು. "ಕೆಟ್ಟ ರಸ್ತೆ ಬೇಕು ಅಂದ್ರೆ ನಮ್ಮನೆ ಮುಂದೇನೇ ಇದೆಯಲ್ಲಪ್ಪ. ಬೆಳಿಗ್ಗೆಯಿಂದ ಸಾಯಂಕಾಲದವರೆಗೂ ಇಲ್ಲೇ ತುಳೀರಿ, ನಾನು ಕಾಫಿ ಕೊಡ್ತೀನಿ."

ಅಲ್ಲಿಂದ ಶುರುವಾಯಿತು. ಸಂಜೀವಯ್ಯನ ಹತ್ತಿರ ಹಳೆಯ ಗ್ರಾಮನಕಾಶೆಗಳ ಜೆರಾಕ್ಸ್ ಪ್ರತಿಗಳ ಒಂದು ಟ್ರಂಕೇ ಇತ್ತು. ಅದನ್ನು ನೆಲದ ಮೇಲೆ ಹರಡಿ, ಅಂಜನಾಪುರದ ಆಚೆಯಿಂದ ಅರ್ಕಾವತಿಯ ಕಡೆಗೆ, ಅಲ್ಲಿಂದ ಕಾವೇರಿ ಕಮರಿಯ ನೆತ್ತಿಗೆ, ಎಲ್ಲೆಲ್ಲಿ ಬಂಡಿಜಾಡು, ಎಲ್ಲೆಲ್ಲಿ ಕಾಲುದಾರಿ ಎಂದು ಪೆನ್ಸಿಲಿನಲ್ಲಿ ಎಳೆದುಕೊಟ್ಟ. ಒಂದು ವರ್ಷದಲ್ಲಿ ನಾಲ್ಕು ದಾರಿಗಳಾದವು. ತನ್ನ ಕರೀ ಸೈಕಲ್ಲಿನಲ್ಲಿ ತಾನೂ ಹೋದ. ಗೇರಿಲ್ಲ, ಬೆಲ್ಲಿಲ್ಲ, ಕ್ಯಾರಿಯರ್ ಮೇಲೆ ಮುದ್ದೆ ಡಬ್ಬಿ. ದಿಣ್ಣೆ ಬಂದಾಗ ಕೆಳಗಿಳಿದು ತಳ್ಳುತ್ತಿದ್ದ. ಮೂರು ಲಕ್ಷದ ಸೈಕಲ್ಲಿನವರೂ ಇಳಿದು ತಳ್ಳುತ್ತಿದ್ದರು, ಅವರ ತಳ್ಳುವಿಕೆಗೆ ಇಂಗ್ಲಿಷಿನಲ್ಲಿ ಬೇರೆ ಹೆಸರಿತ್ತು ಅಷ್ಟೆ.

ಒಮ್ಮೆ ಸಾತನೂರಿನ ಹತ್ತಿರ ಯಾರದೋ ಫಾರ್ಮ್‌ಹೌಸಿನ ತಂತಿಬೇಲಿ ದಾರಿಗೆ ಅಡ್ಡ ಬಂತು. ಕಾವಲುಗಾರ ಲಾಠಿ ಬೀಸಿಕೊಂಡು ಬಂದ. ಸಂಜೀವಯ್ಯ ಬೇಲಿ ನುಸುಳಿ ಆರು ಹೆಜ್ಜೆ ಒಳಕ್ಕೆ ಹೋಗಿ ಕುಕ್ಕರಗಾಲಿನಲ್ಲಿ ಕೂತು ಕಲ್ಲುಚೂರಿನಿಂದ ಮಣ್ಣು ಕೆದಕಿದ. ಮೊಳದಾಳದಲ್ಲಿ ಇದ್ದಿಲು ಸಿಕ್ಕಿತು. ಗಡಿಕಲ್ಲು ನೆಡುವಾಗ ಅದರಡಿಗೆ ಒಂದು ಹಿಡಿ ಇದ್ದಿಲು ಹಾಕುವುದು ಹಳೆಯ ಚೈನ್‌ಮನ್‌ಗಳ ಪದ್ಧತಿ. ಕಲ್ಲನ್ನು ಕಿತ್ತು ಪಕ್ಕಕ್ಕೆ ನೆಡುವ ಕಳ್ಳನಿಗೆ ಇದ್ದಿಲಿನ ನೆನಪಿರುವುದಿಲ್ಲ. "ಕಲ್ಲು ಇಲ್ಲಿತ್ತು. ನಿಮ್ ಸಾಹೇಬ್ರಿಗೆ ಹೇಳು, ದಾರಿ ನುಂಗವ್ರೆ ಅಂತ" ಎಂದ. ಲಾಠಿ ಕೆಳಗಿಳಿಯಿತು, ಗೇಟು ತೆರೆಯಿತು. ಅಂದಿನಿಂದ ಸೈಕಲ್ ಕ್ಲಬ್ಬಿನವರು ಅವನನ್ನು ದೇವರ ಹಾಗೆ ನೋಡತೊಡಗಿದರು, ಅವನೂ ಪ್ರಸಾದ ಕೊಡುವ ಗತ್ತಿನಲ್ಲೇ ದಾರಿ ಕೊಡತೊಡಗಿದ.

ಐದನೆಯ ದಾರಿಯ ಮಾತು ಬಂದಾಗ ಮಯೂರ್ ಒಂದು ಸುದ್ದಿ ತಂದ. ಕ್ಲಬ್ಬಿನವರು ತಮ್ಮ ದಾರಿಗಳನ್ನೆಲ್ಲ ನಕಾಶೆ ಮಾಡಿ ಇಂಟರ್‌ನೆಟ್ಟಿಗೆ ಹಾಕುತ್ತಾರೆ. ಜಗತ್ತಿನಲ್ಲಿ ಯಾರು ಬೇಕಾದರೂ ನೋಡಬಹುದು. ಕಮರಿಯ ನೆತ್ತಿಗೆ ಹೋಗುವ ಈ ದೊಡ್ಡ ದಾರಿಗೆ ಅವನ ಹೆಸರನ್ನೇ ಇಡುವುದೆಂದು ಎಲ್ಲರೂ ಒಪ್ಪಿದ್ದಾರೆ. "ಸಂಜೀವಯ್ಯ ರೂಟ್. ಹೆಂಗಿದೆ ಅಂಕಲ್?"

ಅಂದು ರಾತ್ರಿ ಸಂಜೀವಯ್ಯ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಸುಧಾಮಣಿ ಗಾಬರಿಯಾಗಿ ಬೀಪಿ ಮಾತ್ರೆ ತಂದಿಟ್ಟಳು. "ಮಾತ್ರೆ ಬೇಡ ಕಣೆ. ನಕಾಶೆ ಮೇಲೆ ನನ್ ಹೆಸರು ಹಾಕ್ತಾರಂತೆ" ಎಂದ. ಇದಕ್ಕಿಂತ ದೊಡ್ಡ ಆಸೆ ಅವನಿಗೆ ಇರಲಿಲ್ಲ, ಈ ಆಸೆ ಇದೆ ಎಂದು ಅವನು ಯಾರಿಗೂ ಹೇಳಿಯೂ ಇರಲಿಲ್ಲ.

ಏಪ್ರಿಲ್‌ನಲ್ಲಿ ಇಬ್ಬರೂ ಮಯೂರನ ಸ್ಕೂಟರಿನಲ್ಲಿ ದಾರಿ ಪರೀಕ್ಷೆಗೆ ಹೋದರು. ಕನಕಪುರ ದಾಟಿ ಒಂದು ಜಲಾಶಯವಿದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮುಂದಿನ ಭಾನುವಾರವೇ ಅಲ್ಲಿ ಮೋಮೋ ಗಾಡಿ ನಿಂತಿರುತ್ತದೆ. ಆ ಜಲಾಶಯದ ಒಂದು ತೋಳು ಎರಡು ಗುಡ್ಡಗಳ ನಡುವೆ ಚಾಚಿಕೊಂಡಿದೆ. ಬಂಡಿಜಾಡು ಈ ಗುಡ್ಡದಿಂದ ಇಳಿದು ಆ ಗುಡ್ಡ ಹತ್ತಿ ಕಮರಿಯ ಕಡೆಗೆ ಹೋಗುತ್ತದೆ. ಅವರು ಹೋದಾಗ ಅಲ್ಲಿ ಒಂದು ಹನಿ ನೀರಿರಲಿಲ್ಲ. ಬಿರಿದ ನೆಲದ ಮೇಲೆ ಹಳೆಯ ಗಾಲಿಯ ಗುರುತು ನಿಚ್ಚಳವಾಗಿತ್ತು. ಯಾರೋ ಸೌತೆಬಳ್ಳಿ ಹಾಕಿದ್ದರು, ದನ ಮೇಯುತ್ತಿದ್ದವು.

ಮಯೂರ್ ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ನೋಡಿದ. ಅದರಲ್ಲೂ ಒಣಗಿದ ಕಂದು ನೆಲವೇ ಇತ್ತು. ನಕಾಶೆಯೂ ಫೋನೂ ಒಂದೇ ಮಾತು ಹೇಳಿದ್ದು ಅದೇ ಮೊದಲು. ಆದರೂ ಹುಡುಗ ಕೇಳಿದ, "ಮಳೆಗಾಲದಲ್ಲಿ ಇಲ್ಲಿಗೆ ನೀರು ಬರಲ್ವಾ ಅಂಕಲ್?"

"ಮೂವತ್ತಾರು ವರ್ಷದಲ್ಲಿ ನಾನಂತೂ ನೋಡಿಲ್ಲ. ನನ್ ಮಾತ್ ಮೇಲೆ ನಂಬಿಕೆ ಇಲ್ವಾ?"

ಮಯೂರ್ ಕೆನ್ನೆ ಕೆಂಪಗೆ ಮಾಡಿಕೊಂಡು "ಛೇ ಛೇ, ಹಾಗಲ್ಲ" ಎಂದ. ಮಾತು ಅಲ್ಲಿಗೆ ಮುಗಿಯಿತು.

ಸಂಜೀವಯ್ಯ ಸುಳ್ಳು ಹೇಳಿರಲಿಲ್ಲ. ಆದರೆ ಅಳತೆಯವರು ಹೊಲಕ್ಕೆ ಇಳಿಯುವುದೇ ಬೇಸಿಗೆಯಲ್ಲಿ. ಪೈರು ನಿಂತ ಹೊಲದಲ್ಲಿ ಸರಪಳಿ ಎಳೆದರೆ ರೈತ ಕಾಲು ಮುರಿಯುತ್ತಾನೆ. ಸುಗ್ಗಿ ಮುಗಿದು ನೆಲ ಬೋಳಾದ ಮೇಲೆ ಹೊರಟವರು ಮುಂಗಾರಿನ ಮೊದಲ ಹನಿಗೆ ಸರಪಳಿಯನ್ನು ಉಗ್ರಾಣಕ್ಕೆ ಹಾಕಿ, ಕಚೇರಿಯಲ್ಲಿ ಕಡತಕ್ಕೆ ದಾರ ಕಟ್ಟುತ್ತಾ ಕೂರುತ್ತಾರೆ. ಮೂವತ್ತಾರು ವರ್ಷವೂ ಸಂಜೀವಯ್ಯ ಆ ಸೀಮೆಯನ್ನು ನೋಡಿದ್ದು ಫೆಬ್ರವರಿಯಿಂದ ಮೇ ತನಕ. ಅವನ ತಲೆಯೊಳಗಿನ ಕನಕಪುರದಲ್ಲಿ ಮಳೆಯೇ ಬಿದ್ದಿರಲಿಲ್ಲ. ಅಣೆಕಟ್ಟು ಎಂದ ಮೇಲೆ ನೀರು ಇರುತ್ತದೆ ಎನ್ನುವಷ್ಟು ಬುದ್ಧಿ ಅವನಿಗಿತ್ತು, ಆದರೆ ಆ ಬುದ್ಧಿಗಿಂತ ಅವನ ಗತ್ತು ಒಂದು ಮೊಳ ಉದ್ದವಿತ್ತು.

ಮೇ ತಿಂಗಳಲ್ಲಿ ಇಟ್ಟುಕೊಂಡಿದ್ದ ಸವಾರಿ ಬಿಸಿಲು ಜಾಸ್ತಿಯೆಂದು ಮುಂದಕ್ಕೆ ಹೋಯಿತು. ಆಮೇಲೆ ಮಳೆ, ಆಮೇಲೆ ಹಬ್ಬಗಳ ಸಾಲು. ಕೊನೆಗೆ ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ ಐದೂವರೆಗೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹದಿನೇಳು ಜನ ಸೇರಿದರು. ತಲಾ ಒಂದು ಪ್ಲೇಟು ಇಡ್ಲಿ ತಿಂದು, ಎಷ್ಟು ಕೊಬ್ಬು ಕರಗಿಸಬೇಕೆಂದು ಚರ್ಚಿಸಿ, ಇನ್ನೊಂದು ಪ್ಲೇಟು ತಿಂದು ಹೊರಟರು. ಬನಶಂಕರಿ ದಾಟಿ, ಅಂಜನಾಪುರದ ಬೆನ್ನಿಗೆ ಟಾರು ಬಿಟ್ಟು ಮಣ್ಣಿಗಿಳಿದರು. ಜಲಾಶಯದ ಆಚೆ ದಡದಲ್ಲಿ, ಕಮರಿಯ ಹತ್ತಿರ, ಎಲ್ಲರನ್ನೂ ವಾಪಸು ಕರೆತರಲು ಟೆಂಪೋ ಕಾಯುತ್ತಿತ್ತು. ಊಟವೂ ಅದರಲ್ಲೇ ಇತ್ತು.

ದಾರಿ ಸೊಗಸಾಗಿತ್ತು. ಹುಚ್ಚೆಳ್ಳಿನ ಹಳದಿ ಹೊಲಗಳು, ಕೆಮ್ಮಣ್ಣು, ಬಂಡೆಗಳ ಮೇಲೆ ಮಂಜು. ಜೇಪಿ ನಗರದಲ್ಲಿ ಹಲ್ಲಿನ ಡಾಕ್ಟರಾಗಿದ್ದ ಹಂಸಾ "ಅಂಕಲ್, ನೀವು ಗ್ರೇಟ್" ಎಂದು ಮೂರು ಸಲ ಹೇಳಿದಳು. ಮೂರು ಸಲವೂ ಸಂಜೀವಯ್ಯ ಕೇಳಿಸದವನಂತೆ ಮಾಡಿ ಇನ್ನೊಮ್ಮೆ ಹೇಳಿಸಿಕೊಂಡ. ಕೊನೆಯ ಗುಡ್ಡದ ನೆತ್ತಿಯಲ್ಲಿ ಎಲ್ಲರನ್ನೂ ನಿಲ್ಲಿಸಿ, "ಈಗ ನೋಡಿ, ನೆಟ್ಟಗೆ ಇಳಿಜಾರು, ಒಂದೇ ಉಸಿರಿಗೆ ಆಚೆ ದಡ" ಎಂದು ಕೈ ಬೀಸಿ ಹೊರಟ.

ತಿರುವು ದಾಟಿದ ಮೇಲೆ ಕಂಡದ್ದು ನೀರು. ಇಲ್ಲಿಂದ ಎದುರು ಗುಡ್ಡದ ಬುಡದ ತನಕ, ಎರಡು ಫರ್ಲಾಂಗು ಅಗಲಕ್ಕೆ, ಶಾಂತವಾದ ಹಸಿರು ನೀರು. ಬಂಡಿಜಾಡು ನೆಟ್ಟಗೆ, ಯಾವ ಸಂಕೋಚವೂ ಇಲ್ಲದೆ ಅದರೊಳಗೆ ಇಳಿದು ಹೋಗಿತ್ತು. ಸಂಜೀವಯ್ಯನ ಸೈಕಲ್ಲಿಗೆ ಬ್ರೇಕು ಸ್ವಲ್ಪ ಕಡಿಮೆ. ಅವನು ನಿಂತದ್ದು ಮೊಣಕಾಲು ನೀರಿನಲ್ಲಿ.

ಹದಿನಾರು ಜನ ಹಿಂದೆ ಬಂದು ಸಾಲಾಗಿ ನಿಂತರು. ಆಮೇಲೆ ಯಾರೋ ಫೋನು ತೆಗೆದು, ಸುತ್ತಿ ಹೋದರೆ ನಲವತ್ತೊಂದು ಕಿಲೋಮೀಟರು, ಟೆಂಪೋದವನಿಗೆ ಫೋನು ಸಿಗುತ್ತಿಲ್ಲ ಎಂದರು. ಹಂಸಾ ಮೆಲ್ಲಗೆ "ಊಟ?" ಎಂದಳು. ಆ ಒಂದು ಪದಕ್ಕೆ ಎಲ್ಲರ ಮುಖ ಬಾಡಿತು.

ಸಂಜೀವಯ್ಯ ನೀರಲ್ಲೇ ನಿಂತಿದ್ದ. ಮೊದಲು ಅವನಿಗೆ ಕೋಪ ಬಂತು, ನೀರಿನ ಮೇಲೆ. ಆಮೇಲೆ ನಾಚಿಕೆಯಾಯಿತು. ಹುಡುಗ ಕೇಳಿದ್ದ, ಬಾಯಿಬಿಟ್ಟು ಕೇಳಿದ್ದ. ತಾನೇ ಬಾಯಿ ಮುಚ್ಚಿಸಿದ್ದ. ಇನ್ನು ರೂಟೂ ಇಲ್ಲ, ಹೆಸರೂ ಇಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರೆ. ಇಲ್ಲಿ ಹೋದದ್ದು ಒಂದು ಜಲಾಶಯಕ್ಕೆ.

ಮಯೂರ್ ಬೂಟು ಸಮೇತ ನೀರಿಗಿಳಿದು ಪಕ್ಕಕ್ಕೆ ಬಂದ. ಉಳಿದವರಿಗೆ ಕೇಳಿಸದ ಹಾಗೆ ಹೇಳಿದ, "ಅಂಕಲ್, ತಲೆ ಕೆಡಿಸ್ಕೋಬೇಡಿ. ನಾನೇ ತಪ್ಪು ಮಾಡ್ದೆ ಅಂತೀನಿ. ನೀರಿದೆಯಾ ನೋಡ್ಕೊಂಡು ಬಾ ಅಂತ ನೀವು ಹೋದ ವಾರವೇ ಹೇಳಿದ್ರಿ, ನಾನು ನೋಡ್ದೇನೇ ಒಣಗಿದೆ ಅಂದ್ಬಿಟ್ಟೆ ಅಂತ. ಯಾರಿಗೂ ಗೊತ್ತಾಗಲ್ಲ. ನಿಮ್ಮ ಹೆಸರು ಹಾಗೇ ಇರುತ್ತೆ."

ಸಂಜೀವಯ್ಯ ಅವನ ಮುಖ ನೋಡಿದ. ಮೂವತ್ತಾರು ವರ್ಷದಲ್ಲಿ ಅವನ ತಪ್ಪನ್ನು ತಾನು ಹೊರುತ್ತೇನೆಂದು ಒಬ್ಬ ಮನುಷ್ಯನೂ ಹೇಳಿರಲಿಲ್ಲ. ಹೇಳಿದವನು ಜಯನಗರದ ಸಿರಿವಂತರ ಹುಡುಗ. ಸಂಜೀವಯ್ಯನಿಗೆ ಅವನ ಮೇಲೆ ಅಕ್ಕರೆ ಉಕ್ಕಿತು. ಆಸೆಯೂ ಆಯಿತು, ಇಲ್ಲವೆನ್ನಲಾಗದು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಹೂಂ ಎಂದರೆ ಸಾಕು, ಹೆಸರು ನಕಾಶೆಗೆ ಹೋಗುತ್ತದೆ, ಬಯ್ಗುಳ ಮಯೂರನಿಗೆ ಹೋಗುತ್ತದೆ. ಸರಿಯಾಗಿ ಚನ್ನಬಸವಯ್ಯನ ಲೆಕ್ಕ.

ಚನ್ನಬಸವಯ್ಯನ ಹೆಸರು ಮನಸ್ಸಿಗೆ ಬಂದದ್ದೇ ಅವನ ಮೈ ಮೇಲೆ ಹುಳ ಬಿಟ್ಟ ಹಾಗಾಯಿತು. ಸೈಕಲ್ಲನ್ನು ಎಳೆದುಕೊಂಡು ದಡಕ್ಕೆ ಬಂದು, ಎಲ್ಲರ ಎದುರಿಗೆ ನಿಂತ. ಪ್ಯಾಂಟಿನಿಂದ ನೀರು ಸೋರುತ್ತಿತ್ತು.

"ಎಲ್ರೂ ಕೇಳಿಸ್ಕೊಳ್ಳಿ. ಈ ತಪ್ಪು ನಂದು. ಈ ಹುಡುಗ ಏಪ್ರಿಲಲ್ಲೇ ಕೇಳ್ದ, ನೀರು ಬರುತ್ತಾ ಅಂತ. ಬರಲ್ಲ ಅಂತ ನಾನೇ ದೊಡ್ಡ ಮನುಷ್ಯನ ಥರ ಹೇಳ್ದೆ. ನಾನು ಈ ಜಾಗ ನೋಡಿರೋದು ಬೇಸಿಗೇಲಿ ಮಾತ್ರ. ಅದು ನನ್ ತಲೆಗೇ ಹೊಳೀಲಿಲ್ಲ."

"ಇಲ್ಲ ಇಲ್ಲ, ಆ್ಯಕ್ಚುಲಿ ನಾನು..." ಎಂದು ಮಯೂರ್ ಬಾಯಿ ಹಾಕಿದ.

"ಸುಮ್ನಿರಯ್ಯ!" ಸಂಜೀವಯ್ಯ ಗದರಿದ. "ಮೂವತ್ತಾರು ವರ್ಷ ಕಂಡೋರ ತಪ್ಪಿಗೆಲ್ಲ ನಾನು ಸಹಿ ಹಾಕಿದೀನಿ. ಇದೊಂದು ನನ್ನ ಸ್ವಂತದ್ದು. ಇದನ್ನ ಯಾರಿಗೂ ಬಿಟ್ಟುಕೊಡಲ್ಲ."

ಆ ಹೊತ್ತಿಗೆ ಬಲಗಡೆಯ ಜಾಲಿ ಪೊದೆಯ ಹಿಂದಿನಿಂದ ಒಂದು ಹರಿಗೋಲು ದುಂಡಗೆ ತಿರುಗುತ್ತಾ ಬಂತು. ಹುಟ್ಟು ಹಾಕುತ್ತಿದ್ದವಳು ಹುಲಿಗೆವ್ವ, ಹೊಸಪೇಟೆ ಕಡೆಯಿಂದ ಬಂದು ಇಲ್ಲಿ ಮೀನು ಹಿಡಿದುಕೊಂಡಿದ್ದವಳು. ಚಡ್ಡಿಯವರ ಸಾಲನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿಗಿ ಹೊಂಟೀರಿ?"

"ಆಚೆ ದಡಕ್ಕೆ. ಇಲ್ಲಿ ದಾರಿ ಇತ್ತು" ಎಂದ ಸಂಜೀವಯ್ಯ.

"ದಾರಿ ಈಗೂ ಐತ್ರಿ, ಎಲ್ಲೂ ಹೋಗಿಲ್ಲ. ಮ್ಯಾಲ ನೀರು ನಿಂತೈತಿ ಅಷ್ಟ. ಬ್ಯಾಸಗ್ಯಾಗ ಬರಬೇಕಿತ್ತು. ಯಾವ ಶಾಣ್ಯಾ ಈಗ ಕರಕೊಂಡು ಬಂದಾನ ನಿಮ್ಮನ್ನ?"

ಹದಿನಾರು ಜನ ಸಂಜೀವಯ್ಯನ ಕಡೆ ನೋಡಿದರು. ಸಂಜೀವಯ್ಯ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ. ಹುಲಿಗೆವ್ವ ಹರಿಗೋಲು ಅಲ್ಲಾಡುವ ಹಾಗೆ ನಕ್ಕಳು. ಅದರೊಂದಿಗೆ ಕಟ್ಟೆ ಒಡೆಯಿತು. ಹಂಸಾ ನಕ್ಕಳು, ಮಯೂರ್ ನಕ್ಕ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಒಂದು ಸಲಕ್ಕೆ ಇಬ್ಬರು, ಎರಡು ಸೈಕಲ್ಲು. ಮೀನಿನ ವಾಸನೆಯ ಹರಿಗೋಲಿನಲ್ಲಿ ಮೂರು ಲಕ್ಷದ ಸೈಕಲ್ಲುಗಳನ್ನು ಮಗುವಿನಂತೆ ತಬ್ಬಿ ಕೂತು, ಜೇಪಿ ನಗರ, ಜಯನಗರ, ಬೀಟಿಎಮ್ ಲೇಔಟುಗಳು ಕಂತುಕಂತಾಗಿ ನೀರು ದಾಟಿದವು. ನಡುನೀರಿನಲ್ಲಿ ಹರಿಗೋಲು ಒಂದು ಸುತ್ತು ತಿರುಗಿದಾಗ ಎಲ್ಲ ಲೇಔಟಿನವರಿಗೂ ಅವರವರ ಮನೆದೇವರು ನೆನಪಾದರು. ಮೂರು ಗಂಟೆ ಹಿಡಿಯಿತು. ಕೊನೆಯ ಸರದಿ ಮಯೂರ್ ಮತ್ತು ಸಂಜೀವಯ್ಯನದು. ತಪ್ಪು ಮಾಡಿದವನು ಮೊದಲು ದಾಟಬಾರದು ಎಂದು ಸಂಜೀವಯ್ಯ ಹಟ ಹಿಡಿದಿದ್ದ.

ಆಚೆ ದಡದಲ್ಲಿ ಟೆಂಪೋದ ಪಕ್ಕ ಎಲ್ಲರೂ ತಣ್ಣಗಾದ ಬಿಸಿಬೇಳೆಬಾತಿನ ಮೇಲೆ ಬಿದ್ದಿದ್ದರು. ಮಯೂರ್ ಅಂದಿನ ದಾರಿಯನ್ನು ಫೋನಿನಲ್ಲಿ ತೆರೆದ. ಮಣ್ಣಿನ ಮೇಲೆ ಬಂದ ಗೆರೆ ನೀರಿನ ಮೇಲೆ ಒಂಬತ್ತು ಸುತ್ತಿನ ಪೇಣಿಯಂತೆ ಗೋಜಲಾಗಿ ಮತ್ತೆ ಮಣ್ಣಿಗೆ ಹತ್ತಿತ್ತು. ಸರದಿಗೊಂದರಂತೆ ಒಂಬತ್ತು ಫೋನುಗಳ ಗೆರೆಗಳನ್ನು ಅವನು ಒಂದೇ ಕಡೆ ಕೂಡಿಸಿದ್ದ.

"ಹೆಸರು ಏನ್ ಹಾಕೋದು?" ಎಂದು ಯಾರೋ ಕೇಳಿದರು.

"ಸಂಜೀವಯ್ಯ ರೂಟ್ ಅಂತೂ ಅಲ್ಲ. ಸಂಜೀವಯ್ಯನ ತಪ್ಪು ಅಂತ ಹಾಕಿ" ಎಂದಳು ಹಂಸಾ, ಬಾಯ್ತುಂಬ ಬಾತಿಟ್ಟುಕೊಂಡು. ಹೇಳಿದ ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಸಾರಿ ಅಂಕಲ್, ತಮಾಷೆಗೆ..."

ಸಂಜೀವಯ್ಯ ತಟ್ಟೆ ಕೆಳಗಿಟ್ಟ. "ಅದು ಇಂಟರ್‌ನೆಟ್ಟಲ್ಲಿ ಎಲ್ರಿಗೂ ಕಾಣ್ಸುತ್ತಾ?"

"ಕಾಣ್ಸುತ್ತೆ. ಆದ್ರೆ ಬೇಡ ಅಂಕಲ್, ಬೇರೆ ಏನಾದ್ರೂ..."

"ಹಾಕು."

"ನಿಜವಾಗ್ಲೂ?"

"ಹಾಕು ಅಂದ್ನಲ್ಲ. ಓದಿದೋರು ಮಳೆಗಾಲದಲ್ಲಿ ಈ ಕಡೆ ಬರಲ್ಲ. ಅಷ್ಟಾದ್ರೂ ಉಪಯೋಗ ಆಗ್ಲಿ."

ಮಯೂರ್ ಟೈಪ್ ಮಾಡಿ ಫೋನನ್ನು ಅವನ ಕೈಗೆ ಕೊಟ್ಟ. ಸಂಜೀವಯ್ಯ ಕನ್ನಡಕ ಒರೆಸಿ ಹಾಕಿಕೊಂಡ. ಹೊಲ, ಗುಡ್ಡ, ನೀರು, ಕಮರಿ ಎಲ್ಲ ಅಂಗೈಯಗಲದಲ್ಲಿ ಇದ್ದವು, ಅವುಗಳ ಮೇಲೆ ಅವನ ಹೆಸರಿತ್ತು. ಒಂದೊಂದೇ ಅಕ್ಷರ ಓದಿದ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಹೋಗಲಿಲ್ಲ.

"ಈ 'ತಪ್ಪು' ಅನ್ನೋದನ್ನ ಯಾಕೆ ಇಷ್ಟು ಸಣ್ಣಕ್ಕೆ ಹಾಕಿದೀಯ?" ಎಂದ. "ಹೆಸರಿನಷ್ಟೇ ದಪ್ಪಕ್ಕೆ ಹಾಕು. ಎರಡೂ ನಂದೇ."